ಮೂರಕ್ಕೆ ಸಿಗದ ಹತ್ತು ಲಕ್ಷ

ಬೆಳಗಿನ ಮೊದಲ ಚಹಾವನ್ನು ಶಿಗೆನೊ ಎಂದೂ ತಾನು ಕುಡಿದವಳಲ್ಲ. ಕೆಟಲ್ ಉಸಿರು ಬಿಡತೊಡಗಿದ ಕೂಡಲೇ ಅಂಚು ಮುಕ್ಕಾದ ನೀಲಿ ಬಟ್ಟಲಿಗೆ ಒಂದಿಷ್ಟು ಬಗ್ಗಿಸಿ, ಹಿಂಬಾಗಿಲು ಸರಿಸಿ, ಅಲೆ ತಡೆಯುವ ಕಲ್ಲುಗೋಡೆಯ ಮೇಲೆ ಇಟ್ಟು ಬರುವಳು. ಅದು ದಿಕ್ಕಿಲ್ಲದವರ ಪಾಲು. ಎರಡನೆಯ ಬಟ್ಟಲು ಒಳಗೆ ಪೀಠದ ಮೇಲೆ ಸತ್ತವರ ಹೆಸರು ಬರೆದಿಟ್ಟ ಹಲಗೆಗಳಿಗೆ: ಮೊದಲು ಮಾವ, ಅತ್ತೆ, ಗಂಡ, ಮಗ; ಈಗ ಮಗನೊಬ್ಬನೇ. ಮೂರನೆಯದು ತನಗೆ. ಹಿಮ ಬಿದ್ದು ಬಾಗಿಲು ಅಲುಗದ ದಿನ ಕಿಟಕಿಯಿಂದ ಕೈ ಚಾಚಿಯಾದರೂ ಇಟ್ಟಿದ್ದಾಳೆ. ಬಿರುಗಾಳಿ ಬಟ್ಟಲನ್ನೇ ಎತ್ತಿಕೊಂಡು ಹೋದ ವರ್ಷ ಮನೆಯೆಲ್ಲ ಹುಡುಕಿ ಇನ್ನೊಂದು ಮುಕ್ಕು ಬಟ್ಟಲನ್ನೇ ತಂದಳು. ದಿಕ್ಕಿಲ್ಲದವರಿಗೆ ಹೊಸದು ಇಟ್ಟರೆ ಅವರು ಸಂಕೋಚಪಟ್ಟು ಮುಟ್ಟದೆ ಹೋಗುತ್ತಾರೆ ಎಂದು ಅತ್ತೆ ಹೇಳಿಕೊಟ್ಟಿದ್ದಳು.

ಜಪಾನಿನ ಸಾದೊ ದ್ವೀಪದ ಹೊರದಡದ ಕಯಾಉರಾ ಕೇರಿಗೆ ಅವಳು ಸೊಸೆಯಾಗಿ ಬಂದದ್ದು ಒಳನಾಡಿನ ಭತ್ತದ ಊರಿನಿಂದ. ಅದುವರೆಗೆ ಸಮುದ್ರವನ್ನು ದೂರದ ಗುಡ್ಡದ ಮೇಲಿಂದ ಬಿಟ್ಟರೆ ನೋಡಿದವಳಲ್ಲ. ಬಂದ ಹೊಸದರಲ್ಲಿ ಅಲೆಯ ಸದ್ದಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹಾಗೆಂದು ಬಾಯಿಬಿಟ್ಟಾಗ ಅತ್ತೆ ಮಾಸೆ, "ಅದಕ್ಕೇನ್ ಮಾಡ್ಲಿ? ಸೊಸೆ ಮಲಗಿದಾಳೆ, ಸ್ವಲ್ಪ ನಿಲ್ಸು ಅಂತ ಹೇಳಿ ಕಳಿಸ್ಲಾ?" ಎಂದಳು. ಹಾಗಿತ್ತು ಆ ಹೆಂಗಸಿನ ಮಾತು. ಕೈಯೂ ಹಾಗೇ. ಒಣಹಾಕಿದ ಕಣವೆ ಎಂಬ ಹತ್ತು ತೋಳಿನ ಮೀನಿನ ಸಾಲು ಒಂದು ಬೆರಳು ಓರೆಯಾಗಿದ್ದರೂ ಸೊಸೆಯ ಮೊಣಕೈಗೆ ಒಂದು ತಟ್ಟುತ್ತಿದ್ದಳು.

ಕೇರಿಯಲ್ಲಿ ಹತ್ತು ಮನೆ. ಯಾರ ಮನೆಯಲ್ಲಿ ಸಾವಾದರೂ ಮನೆಗೊಬ್ಬರಂತೆ ಹತ್ತು ಹೆಂಗಸರು ಜಪದ ಮನೆಯಲ್ಲಿ ದುಂಡಗೆ ಕೂರುತ್ತಿದ್ದರು. ಪೆಟ್ಟಿಗೆಯಿಂದ ದೊಡ್ಡ ಸರವನ್ನು ತೆಗೆದು ಎಲ್ಲರ ಮಡಿಲ ಮೇಲೆ ಹಾಯಿಸುತ್ತಿದ್ದರು. ನೆಲ್ಲಿಕಾಯಿ ಗಾತ್ರದ ಸಾವಿರದ ಎಂಬತ್ತು ಮಣಿಗಳ ಸರ ಅದು. ಒಂದೊಂದು ಮಣಿ ಕೈಯಿಂದ ಕೈಗೆ ದಾಟುವಾಗಲೂ ಎಲ್ಲರೂ ಒಟ್ಟಿಗೆ "ನಮು ಅಮಿದಾ ಬುತ್ಸು", ಅಮಿದಾ ಬುದ್ಧನಿಗೆ ಶರಣು, ಎನ್ನಬೇಕು. ಬಾಯಿ ಸೋಲುತ್ತ ಬಂದಂತೆ ಅದು "ನಮ್ಮಾಂದಾ, ನಮ್ಮಾಂದಾ" ಎಂದಾಗುವುದು. ನಡುವೆ ಒಂದೇ ಒಂದು ದೊಡ್ಡ ಮಣಿಯಿದೆ. ಅದು ತಾಯಿಮಣಿ. ಅದು ತನ್ನ ಬಳಿ ಬಂದಾಗ ಹೆಂಗಸು ಅದನ್ನು ಹಣೆಗೆ ಒತ್ತಿಕೊಂಡು ಮುಂದೆ ಬಿಡುವಳು. ತಾಯಿಮಣಿ ಹೊರಟಲ್ಲಿಗೆ ಬಂದರೆ ಒಂದು ಸುತ್ತು. ವೃತ್ತದ ಹೊರಗೆ ಮಾಸೆ ಕೂತು, ಲೆಕ್ಕ ತಪ್ಪದಿರಲೆಂದು ತಾನು ನಾಮ ಹೇಳದೆ, ಒಂದು ಸುತ್ತಿಗೆ ಒಂದು ಬಿದಿರಿನ ಕಡ್ಡಿಯನ್ನು ಬಲದಿಂದ ಎಡಕ್ಕೆ ಎತ್ತಿಡುವಳು. ನೂರು ಕಡ್ಡಿ ಎಡಕ್ಕೆ ಬಂದರೆ ಸತ್ತವನ ಹೆಸರಿಗೆ ಹತ್ತು ಲಕ್ಷ ನಾಮ ತುಂಬಿತು ಎಂದು ಲೆಕ್ಕ.

ಮಾಸೆಯ ತವರಿನ ಅಪ್ಪ ಬಂದರಿನಲ್ಲಿ ಹಡಗಿನ ಸರಕು ಎಣಿಸುವವನಾಗಿದ್ದ. ಅದರಿಂದ ಅವಳಿಗೆ ಲೆಕ್ಕವೆಂದರೆ ಮನೆಯ ನೆಂಟ. ಒಂದು ಮಳೆಗಾಲದ ಮಧ್ಯಾಹ್ನ ಸೋಯಾ ಕಾಳು ಆರಿಸುತ್ತ ಸೊಸೆಯನ್ನು ಪರೀಕ್ಷಿಸಿದಳು.

"ಹತ್ತು ಜನ ಕೂತ್ರೆ ಒಂದು ಸುತ್ತಿಗೆ ಎಷ್ಟೇ?"

"ಹತ್ತು ಸಾವಿರದ ಎಂಟ್ನೂರು ಅತ್ತೆ."

"ನೂರು ಸುತ್ತಿಗೆ?"

"ಹತ್ತು ಲಕ್ಷದ ಎಂಬತ್ತು ಸಾವಿರ." ಶಿಗೆನೊ ಕಾಳು ಬಿಟ್ಟು ತಲೆಯೆತ್ತಿದಳು. "ಬೇಕಾಗಿರೋದು ಹತ್ತು ಲಕ್ಷ ತಾನೇ? ಎಂಬತ್ತು ಸಾವಿರ ಯಾಕೆ ಸುಮ್ನೆ? ಮಂಡಿ ನೋವು ಜಾಸ್ತಿ ಆಗ್ಲಿ ಅಂತಾನಾ?"

"ಬುದ್ಧಿವಂತೆ. ಹಾಗಾದ್ರೆ ಸರಿಯಾಗಿ ಹತ್ತು ಲಕ್ಷಕ್ಕೇ ನಿಲ್ಲೋ ಹಾಗೆ ಮಾಡು, ನೋಡೋಣ. ಸುತ್ತು ಅರ್ಧಕ್ಕೆ ನಿಲ್ಸೋ ಹಾಗಿಲ್ಲ. ತಾಯಿಮಣಿ ಮನೆಗೆ ಬರ್ಲೇಬೇಕು."

ಶಿಗೆನೊ ಆ ಮಳೆಗಾಲವೆಲ್ಲ ಅದರ ಹಿಂದೆ ಬಿದ್ದಳು. ತೊಂಬತ್ತೆರಡು ಸುತ್ತಿಗೆ ನಿಲ್ಲಿಸಿದರೆ ಕಡಿಮೆ, ತೊಂಬತ್ಮೂರಕ್ಕೆ ಹೆಚ್ಚು. ಸರಿ, ಹತ್ತು ಜನ ಬೇಡ, ಎಂಟು ಜನ ಕೂರಲಿ ಎಂದು ನೋಡಿದಳು. ಐದು ಜನ, ನಾಲ್ಕು ಜನ. ಒಲೆಯ ಬೂದಿಯಲ್ಲಿ ಬರೆದಳು, ಅಳಿಸಿದಳು. ಎಷ್ಟು ಜನರನ್ನು ಕೂರಿಸಿದರೂ ಎಷ್ಟು ಸುತ್ತು ತಿರುಗಿಸಿದರೂ ಆ ಸಂಖ್ಯೆ ಒಂದೋ ಕೈಗೆ ಎಟುಕದೆ ಮುಂದಿರುತ್ತಿತ್ತು, ಇಲ್ಲವೇ ಹಿಂದೆ ಬಿದ್ದಿರುತ್ತಿತ್ತು. ತನಗೇ ಬುದ್ಧಿ ಸಾಲದೆಂದು ಅವಳು ಕಣ್ಣಲ್ಲಿ ನೀರು ತಂದುಕೊಂಡ ದಿನ ಮಾಸೆ ಮೊದಲ ಸಲ ನಕ್ಕಳು.

"ಹುಚ್ಚಿ, ಅದು ಯಾರಿಗೂ ಬರಲ್ಲ. ಅಂಕಿಗಳನ್ನ ಕೂಡಿ ನೋಡು. ಕೂಡಿದ್ದು ಮೂರರಿಂದ ಭಾಗ ಹೋದ್ರೆ ಸಂಖ್ಯೆನೂ ಮೂರರಿಂದ ಹೋಗುತ್ತೆ. ಸಾವಿರದ ಎಂಬತ್ತು: ಒಂದು, ಎಂಟು, ಒಟ್ಟು ಒಂಬತ್ತು. ಹೋಯ್ತಾ? ಈಗ ಹತ್ತು ಲಕ್ಷ ಕೂಡು."

"ಒಂದು. ಆಮೇಲೆ ಬರೀ ಸೊನ್ನೆ."

"ಒಂದೇ ಒಂದು. ಒಂಟಿ. ಅದು ಎರಡನ್ನೂ ಐದನ್ನೂ ಬಿಟ್ರೆ ಬೇರೆ ಯಾರನ್ನೂ ಮನೆಯೊಳಗೆ ಬಿಟ್ಕೊಳ್ದೇ ಇರೋ ಸಂಖ್ಯೆ. ನಮ್ಮ ಸರದ ತುಂಬಾ ಮೂರುಗಳು. ಎಷ್ಟು ಜನ ಕೂತ್ರೂ ಆ ಮೂರುಗಳು ಎದ್ದು ಹೋಗಲ್ಲ. ಅದಕ್ಕೇ ಈ ಸರದಲ್ಲಿ ಹತ್ತು ಲಕ್ಷ ಸರಿಯಾಗಿ ಬರೋದೇ ಇಲ್ಲ. ಒಂದೋ ಕಮ್ಮಿ ಬೀಳುತ್ತೆ, ಇಲ್ಲ ಮಿಗುತ್ತೆ. ನಮ್ಮ ಹಿರೀಕರು ಮಿಗ್ಲಿ ಅಂದ್ರು. ಮಿಗೋದಾದ್ರೆ ಕೊಡೋ ಅಷ್ಟಾದ್ರೂ ಮಿಗ್ಲಿ ಅಂತ ನೂರಕ್ಕೆ ನಿಲ್ಸಿದ್ರು."

"ಕೊಡೋದು ಯಾರಿಗೆ?"

ಮಾಸೆ ಅವಳನ್ನು ಕೊಲ್ಲಿಯ ಆ ತುದಿಗೆ ಕರೆದುಕೊಂಡು ಹೋದಳು. ಅಲ್ಲಿ ಪೈನ್ ಮರಗಳ ಕೆಳಗೆ ಹೆಸರಿಲ್ಲದ ಸಣ್ಣ ಕಲ್ಲುಗಳು ಸಾಲಾಗಿ ನಿಂತಿದ್ದವು. ಅಲೆ ತಂದು ಹಾಕಿದವರು. ಯಾವ ಊರಿನವರೋ, ಯಾವ ಭಾಷೆಯವರೋ.

"ಇವರ ಮನೆಯೋರು ಎಲ್ಲೋ ಕೂತು ಅಳ್ತಿರ್ತಾರೆ," ಎಂದಳು. "ನಮ್ಮೋರು ಇನ್ಯಾವ್ದೋ ದಡದಲ್ಲಿ ಬಿದ್ದಿರ್ತಾರೆ. ಅಲ್ಲಿನ ಹೆಂಗಸರು ಮಿಗಿಸಿದ್ದು ನಮ್ಮೋರಿಗೆ, ನಾವು ಮಿಗಿಸಿದ್ದು ಇವರಿಗೆ. ಬುದ್ಧ ಬೇಕಂತಾನೇ ಆ ಸಂಖ್ಯೆಯಿಂದ ಮೂರನ್ನ ತೆಗೆದಿಟ್ಟ ಅಂತ ನಂಗನ್ಸುತ್ತೆ. ಸರಿಯಾಗಿ ಬಂದಿದ್ರೆ ನಾವ್ಯಾರೂ ಒಂದು ಮಣಿನೂ ಜಾಸ್ತಿ ತಿರುಗಿಸ್ತಿರ್ಲಿಲ್ಲ."

ಆ ಮಾತು ಶಿಗೆನೊಳ ಮನಸ್ಸಿನಲ್ಲಿ ಬೇರು ಬಿಟ್ಟಿತು. ಅಂದಿನಿಂದ ಅವಳಿಗೆ ಆ ಸಂಖ್ಯೆಯ ಮೇಲೆ ಒಂದು ಬಗೆಯ ನಂಬಿಕೆ. ಗಂಡ, ಯುದ್ಧಕ್ಕೆಂದು ಸೈನ್ಯ ವಶಪಡಿಸಿಕೊಂಡ ದೋಣಿಯ ಜೊತೆ ಹೋಗಿ ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆಯಾಗಿ ಬಂದ. ಅಲ್ಲಾಡಿಸಿದರೆ ಒಳಗೆ ಬೂದಿಯ ಬದಲು ಒಂದು ಕಲ್ಲು ಉರುಳಾಡುತ್ತಿತ್ತು. ಆಗಲೂ ಹತ್ತು ಜೊತೆ ಕೈಗಳು ಸರ ತಿರುಗಿಸಿದವು, ಮಾಸೆ ನೂರು ಕಡ್ಡಿ ಎತ್ತಿಟ್ಟಳು. ಹತ್ತು ಲಕ್ಷ ತುಂಬಿ ಎಂಬತ್ತು ಸಾವಿರ ಮಿಕ್ಕಿತು. ಕಲ್ಲಿನ ಪೆಟ್ಟಿಗೆಯನ್ನು ಹೂಳುವಾಗ ಶಿಗೆನೊ ಅಳಲಿಲ್ಲ.

ಯುದ್ಧ ಮುಗಿದ ಮರುವರ್ಷ ಮಾಸೆ ಹೋದಳು. ಹೆಂಗಸರು ಸೇರಿದರು. ಕಡ್ಡಿಗಳ ಪೆಟ್ಟಿಗೆ ವೃತ್ತದ ಹೊರಗೆ ಒಂಟಿಯಾಗಿ ಬಿದ್ದಿತ್ತು. ಎಲ್ಲರೂ ಶಿಗೆನೊಳ ಮುಖ ನೋಡಿದರು. ಅತ್ತೆಯ ಕೆಲಸ ಸೊಸೆಗೆ ಬರುವುದು ನ್ಯಾಯ. ಅವಳು ವೃತ್ತದಿಂದ ಎದ್ದು ಅತ್ತೆ ಕೂರುತ್ತಿದ್ದಲ್ಲಿ ಕೂತು ಕಡ್ಡಿ ಕೈಗೆತ್ತಿಕೊಂಡಳು. ಅವಳು ಬಿಟ್ಟ ಜಾಗವನ್ನು ಅಕ್ಕಪಕ್ಕದವರು ಒಂದಿಷ್ಟು ಸರಿದು ಮುಚ್ಚಿದರು. ಹತ್ತು ಮನೆಯ ಹತ್ತು ಹೆಂಗಸರೂ ಬಂದಿದ್ದರು. ಯಾರೂ ಕಡಿಮೆಯಿರಲಿಲ್ಲ. ನೂರು ಕಡ್ಡಿ ಎಡಕ್ಕೆ ಬಂದವು.

ಅದಾದ ಎರಡನೆಯ ಚಳಿಗಾಲದ ಹೊಸ್ತಿಲಲ್ಲಿ ಮಗ ಕಿಯೊಜಿ ಕಣವೆ ಹಿಡಿಯಲು ಹೋದ ದೋಣಿ ಹಿಂತಿರುಗಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗ. ಹೊರಡುವಾಗ ಅಮ್ಮನ ತಲೆಗೆ ತನ್ನ ಟೋಪಿ ಇಟ್ಟು, "ಇದು ನಿಂಗೇ ಚೆನ್ನಾಗಿ ಕಾಣುತ್ತೆ ಅಮ್ಮ, ನೀನೇ ಹೋಗಿ ಹಿಡ್ಕೊಂಡ್ ಬಾ, ನಾನ್ ಮಲಗ್ತೀನಿ," ಎಂದು ನಗಿಸಿ ಹೋಗಿದ್ದ. ದೋಣಿಯ ಒಂದು ಹಲಗೆ ಬಂತು. ಅವನು ಬರಲಿಲ್ಲ.

ಮಗನಿಗಾಗಿ ಕಡ್ಡಿ ಎತ್ತಿಡುವುದು ಬೇಡ, ಬೇರೆ ಯಾರಾದರೂ ಎಣಿಸುತ್ತೇವೆ ಎಂದು ಹೆಂಗಸರು ಹೇಳಿದರು. ಶಿಗೆನೊ ಒಪ್ಪಲಿಲ್ಲ. "ನಾನೇ ಎಣಿಸ್ಬೇಕು. ತಪ್ಪಬಾರ್ದು," ಎಂದಳು. ಒಂದು ಕಡ್ಡಿಯೂ ತಪ್ಪಲಿಲ್ಲ. ನೂರನೆಯದನ್ನು ಎತ್ತಿಟ್ಟು ಮನೆಗೆ ಬಂದು ಅವನು ಹೋದ ಮೇಲೆ ಮೊದಲ ಬಾರಿಗೆ ನಿದ್ದೆ ಮಾಡಿದಳು. ಎಲ್ಲೇ ಇರಲಿ, ಹುಡುಗನ ಕಾಲಡಿಗೆ ಹತ್ತು ಲಕ್ಷ ನಾಮ ಹಲಗೆಯಂತೆ ಹಾಸಿದೆ, ಅವನು ಮುಳುಗುವುದಿಲ್ಲ ಎಂದುಕೊಂಡಳು. ಮೂವತ್ತೊಂದು ವರ್ಷ ಅವಳು ಬದುಕಿದ್ದು ಆ ಹಲಗೆಯ ಮೇಲೆ.

ಆ ವರ್ಷಗಳಲ್ಲಿ ಗುಡ್ಡ ಕೊರೆದು ರಸ್ತೆ ಬಂತು. ರಸ್ತೆ ಬಂದದ್ದು ಜನ ಊರಿಗೆ ಬರಲಿ ಎಂದು. ಜನ ಅದೇ ರಸ್ತೆಯಲ್ಲಿ ಊರು ಬಿಟ್ಟರು. ಶಾಲೆ ಮುಚ್ಚಿತು. ಸರದ ಸುತ್ತ ಕೂರುವವರು ಕರಗುತ್ತ ಬಂದರು. ಸರ ಮೊದಲಿನಂತೆ ಬಿಗಿಯಾಗಿ ನಿಲ್ಲದೆ ಮಡಿಲು ಮಡಿಲಿನ ನಡುವೆ ಜೋತು ಚಾಪೆಯ ಮೇಲೆ ಉಜ್ಜುತ್ತಿತ್ತು. ಆದರೂ ನೂರು ಸುತ್ತು ಎಂದರೆ ನೂರು ಸುತ್ತು. ಮಾಸೆ ಹೇಳಿಕೊಟ್ಟದ್ದು ಅಷ್ಟು. ಕೊನೆಯ ಸಲ ಸರ ಹೊರಗೆ ಬಂದದ್ದು ಪಕ್ಕದ ಮನೆಯ ಕಿನುವಿನ ಗಂಡ ಗೆಂಜೊ ತೀರಿಕೊಂಡಾಗ. ಆಗ ಸರ ಹಿಡಿದವರು ನಾಲ್ವರು. ಅವರಲ್ಲಿಬ್ಬರು ಈಗ ಮಕ್ಕಳ ಊರಿಗೆ ಹೋಗಿದ್ದಾರೆ. ಉಳಿದವರು ಶಿಗೆನೊ, ಕಿನು ಮತ್ತು ಕಿವಿ ಕೇಳದ ತೊಕು.

ಈ ವರ್ಷ ವಸಂತದಲ್ಲಿ ಪೆಟ್ಟಿಗೆ ತೆರೆದಾಗ ಇಲಿ ದಾರವನ್ನು ಕಡಿದಿತ್ತು. ಮಣಿಗಳೆಲ್ಲ ಪೆಟ್ಟಿಗೆಯ ತಳದಲ್ಲಿ ಚೆಲ್ಲಿದ್ದವು. ಮೂವರೂ ಜಪದ ಮನೆಯ ಜಗಲಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಹೊಸ ಸೆಣಬಿನ ಹುರಿಗೆ ಪೋಣಿಸತೊಡಗಿದರು. ತೊಕು ತನ್ನ ಪಾಡಿಗೆ ಗಟ್ಟಿಯಾಗಿ ಎಣಿಸುತ್ತ ಉಳಿದಿಬ್ಬರ ಎಣಿಕೆ ಕೆಡಿಸುತ್ತಿದ್ದಳು.

"ತೊಕು ಅಕ್ಕ, ಬಾಯಿ ಮುಚ್ಚಿ ಎಣ್ಸು!" ಎಂದು ಕಿನು ಕಿರುಚಿದಳು. ತೊಕು ಸಂತೋಷದಿಂದ ತಲೆಯಾಡಿಸಿ ಇನ್ನೂ ಗಟ್ಟಿಯಾಗಿ ಎಣಿಸಿದಳು.

ಕಿನು ಒಂದು ಮಣಿಯನ್ನು ಬೆಳಕಿಗೆ ಹಿಡಿದಳು. "ನೋಡು ಹೇಗೆ ಸವೆದಿದೆ. ಎಲ್ಲಾ ನಮ್ಮ ಅಂಗೈ ಚರ್ಮ. ನಿಂಗೇನಮ್ಮ ಶಿಗೆನೊ ಅಕ್ಕ, ರಾಣಿ ಹಾಗೆ ಗೋಡೆಗೊರಗಿ ಕಡ್ಡಿ ಎತ್ತಿಟ್ಟೆ. ನಿನ್ನ ಅಂಗೈ ಇವತ್ತಿಗೂ ಮದುವಣಗಿತ್ತಿದು. ಮಾಸೆ ಅತ್ತೆ ಹೋದ್ಮೇಲೆ ಒಂದು ದಿನ ಮಣಿ ಮುಟ್ಟಿದೀಯಾ ನೀನು?"

"ಎಣಿಸೋಳು ಮುಟ್ಟಬಾರ್ದು ಕಣೇ. ತಪ್ಪಿ ಹೋಗುತ್ತೆ."

"ಹೌದೌದು. ಹತ್ತು ಜನದಲ್ಲಿ ಒಂಬತ್ತು ಕತ್ತೆ, ಒಬ್ಳು ಯಜಮಾನಿ."

ಶಿಗೆನೊ ನಗಲು ಬಾಯಿ ತೆರೆದವಳು ಹಾಗೇ ಕೂತಳು. ಕೈಯಲ್ಲಿದ್ದ ಹುರಿ ಜಾರಿ, ಪೋಣಿಸಿದ ಮಣಿಗಳು ಒಂದೊಂದಾಗಿ ಜಗಲಿಯಿಂದ ಕೆಳಗೆ ಉದುರಿದವು.

"ಏನಾಯ್ತೇ? ತಲೆ ಸುತ್ತಾ?"

"ಒಂಬತ್ತು," ಎಂದಳು ಶಿಗೆನೊ. "ಅತ್ತೆ ಇದ್ದಾಗ ಹತ್ತು ಜನ ಹಿಡೀತಿದ್ವಿ, ಅತ್ತೆ ಹನ್ನೊಂದನೆಯೋಳು. ನಾನು ಎದ್ದು ಹೋದೆ, ನನ್ನ ಜಾಗಕ್ಕೆ ಯಾರೂ ಬರ್ಲಿಲ್ಲ. ತಲೆ ಹತ್ತಿದ್ವು ಕಿನು. ಕೈ ಒಂಬತ್ತೇ ಜೊತೆ."

ಅವಳು ಉಗುರಿನಿಂದ ಹಲಗೆಯ ಮೇಲೆ ಗೀಚಿದಳು. ಒಂಬತ್ತು ಜನ, ನೂರು ಸುತ್ತು: ಒಂಬತ್ತು ಲಕ್ಷ ಎಪ್ಪತ್ತೆರಡು ಸಾವಿರ. ಇಪ್ಪತ್ತೆಂಟು ಸಾವಿರ ಕಡಿಮೆ. ಮಿಕ್ಕಿದ್ದೂ ಇಲ್ಲ, ತುಂಬಿದ್ದೂ ಇಲ್ಲ. ಅತ್ತೆಯದು ತುಂಬಲಿಲ್ಲ. ಮಗನದು ತುಂಬಲಿಲ್ಲ. ಆಮೇಲೆ ಎಂಟಾದರು, ಏಳಾದರು, ಕೊನೆಗೆ ನಾಲ್ವರು. ಅಷ್ಟು ಲೆಕ್ಕ ಬಲ್ಲ ಅವಳು ಕಡ್ಡಿ ಎಣಿಸಿದಳೇ ಹೊರತು ಕೈ ಎಣಿಸಲಿಲ್ಲ; ಪ್ರತಿ ಸಲವೂ ನೂರೇ ಎತ್ತಿಟ್ಟಳು.

"ಅಯ್ಯೋ, ಹೋಗ್ಲಿ ಬಿಡೇ," ಎಂದಳು ಕಿನು. "ಅಮಿದಾ ಏನು ಮೀನು ಮಾರ್ಕೆಟ್ಟಿನ ದಲ್ಲಾಳಿನಾ, ತಕ್ಕಡಿ ಹಿಡ್ಕೊಂಡು ಕೂರಕ್ಕೆ?" ಆದರೆ ಅವಳ ದನಿಯೂ ಇಳಿದಿತ್ತು. ಸ್ವಲ್ಪ ಹೊತ್ತಿಗೆ ಕೇಳಿದಳು: "ಗೆಂಜೊಗೆ ಎಷ್ಟು ಕಮ್ಮಿ?"

"ಐದು ಲಕ್ಷ ಅರವತ್ತೆಂಟು ಸಾವಿರ."

"ಅರ್ಧಕ್ಕಿಂತ ಜಾಸ್ತಿ!" ಕಿನು ಮಣಿಯನ್ನು ಕೆಳಗಿಟ್ಟಳು. "ಬದುಕಿದ್ದಾಗ್ಲೂ ಅವನಿಗೆ ಯಾವ್ದೂ ಪೂರ್ತಿ ಸಿಗ್ಲಿಲ್ಲ, ಪಾಪ."

ತೊಕು ಮುನ್ನೂರು ದಾಟಿಸಿ ಎಣಿಸುತ್ತಲೇ ಇದ್ದಳು.

ವಿಹಾರದ ಗುರುಗಳು ಗುಡ್ಡದ ಆಚೆಯಿಂದ ಸ್ಕೂಟರಿನಲ್ಲಿ ಬರುವ ಚಿಕ್ಕ ವಯಸ್ಸಿನವರು. ಒಳ್ಳೆಯವರು. ಶಿಗೆನೊ ಹೇಳಿದ್ದನ್ನೆಲ್ಲ ಮಧ್ಯೆ ಬಾಯಿ ಹಾಕದೆ ಕೇಳಿದರು. ಆಮೇಲೆ, "ಅಜ್ಜಿ, ಒಂದೇ ಸಲ ಮನಸಿಟ್ಟು ಕರೆದ್ರೂ ಬುದ್ಧ ಬರ್ತಾನೆ. ಎಣಿಕೆ ಇರೋದು ನಮಗೋಸ್ಕರ, ಅವನಿಗೋಸ್ಕರ ಅಲ್ಲ," ಎಂದರು.

"ಅವನು ಬರ್ತಾನೆ, ಅದ್ರಲ್ಲಿ ನಂಗೆ ಅನುಮಾನ ಇಲ್ಲ ಗುರುಗಳೇ. ಆದ್ರೆ ಹತ್ತು ಲಕ್ಷ ಕೊಡ್ತೀವಿ ಅಂತ ಆ ಮನೆಗಳಿಗೆ ಮಾತು ಕೊಟ್ಟೋರು ನಾವು. ಕಡ್ಡಿ ಎತ್ತಿಟ್ಟೋಳು ನಾನು."

ಗುರುಗಳು ಕಾಣಿಕೆಯ ಲಕೋಟೆಯೊಂದರ ಹಿಂದೆ ಲೆಕ್ಕ ಮಾಡಿದರು. ಮಾಸೆ ಹೋದಂದಿನಿಂದ ಹದಿನಾಲ್ಕು ಸಾವು. ಒಬ್ಬೊಬ್ಬರಿಗೆ ಒಂದೊಂದು ಕೊರತೆ. ಒಟ್ಟು ಎಷ್ಟೆಂದು ಹೇಳಲು ಅವರಿಗೆ ಮನಸ್ಸಿರಲಿಲ್ಲ. ಅವಳು ಬಿಡಲಿಲ್ಲ. ಇಪ್ಪತ್ತೇಳು ಲಕ್ಷ ಅರವತ್ತೆಂಟು ಸಾವಿರ. ಕಲ್ಲುಗಳಿಗೆ ಸಲ್ಲಬೇಕಾದದ್ದು ಅದರಲ್ಲಿ ಸೇರಿರಲಿಲ್ಲ.

"ದೊಡ್ಡ ಸರಾನೇ ತಿರುಗಿಸಿ ತುಂಬ್ಸಕ್ಕಾಗುತ್ತಾ ಈ ಕೊರತೆಗಳನ್ನ? ಸರಿಯಾಗಿ?"

ಗುರುಗಳು ಅಂಕಿಗಳನ್ನು ನೋಡಿ ತಲೆಯಲ್ಲಾಡಿಸಿದರು. ಅದು ಅವಳಿಗೂ ಗೊತ್ತಿತ್ತು. ಮನೆಗೆ ಬಂದು ಬೂದಿಯಲ್ಲಿ ಬರೆಯದೆಯೇ ಬೆರಳಲ್ಲಿ ಕೂಡಿ ನೋಡಿದಳು. ಇಪ್ಪತ್ತೆಂಟು ಸಾವಿರ: ಎರಡು, ಎಂಟು, ಹತ್ತು. ಮೂರು ಮೂರಾಗಿ ತೆಗೆದರೆ ಕೊನೆಗೆ ಒಂದು ಉಳಿಯುತ್ತದೆ. ಐದು ಲಕ್ಷ ಅರವತ್ತೆಂಟು ಸಾವಿರ: ಹತ್ತೊಂಬತ್ತು. ಒಂದು ಉಳಿಯುತ್ತದೆ. ಹದಿನಾಲ್ಕರಲ್ಲಿ ಯಾವುದನ್ನು ಹಿಡಿದರೂ ಕೊನೆಗೆ ಒಂದು ಉಳಿಯುತ್ತಿತ್ತು. ಹತ್ತು ಲಕ್ಷದ ಒಳಗಿದ್ದ ಆ ಒಂಟಿ, ಕೊರತೆಯೊಳಗೂ ಬಂದು ಕೂತಿತ್ತು. ಮಾಸೆ ತೋರಿಸಿದಾಗ ಅದು ಕರುಣೆಯ ಹಾಗೆ ಕಂಡಿತ್ತು. ಈಗ ಬಾಗಿಲಲ್ಲಿ ನಿಂತು ಒಳಗೂ ಬರದ ಹೊರಗೂ ಹೋಗದ ಯಾರದೋ ನೆರಳಿನ ಹಾಗೆ ಕಂಡಿತು.

ಮರುದಿನದಿಂದ ಅವಳು ಮೂರನೆಯ ಚಹಾಕ್ಕೆ ಮೊದಲು ನೂರೆಂಟರ ಕೈಸರ ಹಿಡಿದು ಕೂರತೊಡಗಿದಳು. ಹತ್ತು ಸಲ ತಿರುಗಿಸಿದರೆ ದೊಡ್ಡ ಸರದ ಒಂದು ಸುತ್ತು. ಒಂದು ಜೊತೆ ಕೈಗೆ ಬೆಳಿಗ್ಗೆಗೆ ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಉಸಿರು ಬಿಡದು. ಹೀಗೇ ನಡೆದರೆ ಎಲ್ಲ ತುಂಬಲು ಏಳು ವರ್ಷ ಬೇಕು. ಅವಳಿಗೆ ಎಪ್ಪತ್ತೇಳು. ಬಂದರಿನ ಊರಿನ ಡಾಕ್ಟರು ಎದೆಗೆ ಯಂತ್ರ ಒತ್ತಿ ಬಹಳ ಹೊತ್ತು ಕೇಳಿ, ಕಾಲಿನ ಬಾವು ಒತ್ತಿ ನೋಡಿ, "ಚಳಿಗಾಲ ಕಳೀಲಿ, ಆಮೇಲೆ ನೋಡೋಣ," ಎಂದಿದ್ದರು. ಹಾಗೆ ಹೇಳುವಾಗ ಅವರು ಅವಳನ್ನು ನೋಡದೆ ಕಿಟಕಿಯ ಕಡೆ ನೋಡಿದರು.

ಅವಳು ಶುರು ಮಾಡಿದ್ದು ಗೆಂಜೊನಿಂದ. ಹೆಚ್ಚು ಹಸಿದವನಿಗೆ ಮೊದಲು ಬಡಿಸಬೇಕು, ಬಡಿಸುವವಳ ಮನೆಯವರು ಕೊನೆಗೆ ಉಣ್ಣಬೇಕು. ಮಾಸೆ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದಳು. ಆ ಸಾಲಿನಲ್ಲಿ ಕಿಯೊಜಿಯ ಸರದಿ ತೀರಾ ಹಿಂದೆ. ಆದರೆ ಬರುವ ಶರತ್ಕಾಲದಲ್ಲಿ, ಸತ್ತ ವರ್ಷವನ್ನೂ ಸೇರಿಸಿ ಎಣಿಸುವ ರೂಢಿಯಂತೆ, ಅವನ ಮೂವತ್ಮೂರನೆಯ ತಿಥಿ. ಅದು ಕೊನೆಯ ತಿಥಿ. ಅಂದು ಅವನ ಹೆಸರಿನ ಹಲಗೆಯನ್ನು ಪೀಠದಿಂದ ತೆಗೆದು ವಿಹಾರಕ್ಕೆ ಕೊಡಬೇಕು. ಮಾವ ಮತ್ತು ಗಂಡನ ಹಲಗೆಗಳು ಹಾಗೇ ಹೋಗಿದ್ದವು; ಹೋದ ವರ್ಷ ಅತ್ತೆಯದೂ ಹೋಗಿ, ಅವಳ ಕೊರತೆ ಕೊರತೆಯಾಗಿಯೇ ಉಳಿದಿತ್ತು. ಆಮೇಲೆ ಅವನು ಕಿಯೊಜಿ ಅಲ್ಲ, ಹಿರೀಕರಲ್ಲಿ ಒಬ್ಬ. ಅವನ ಹೆಸರಿನಲ್ಲಿ ಏನು ತುಂಬಿಸುವುದಿದ್ದರೂ ಅದಕ್ಕೆ ಮೊದಲೇ ತುಂಬಿಸಬೇಕು. ಆಮೇಲೆ ಕೊಟ್ಟದ್ದು ಯಾರಿಗೆ ಸೇರಬೇಕೆಂದು ಹೇಳಲು ಹೆಸರೇ ಇರುವುದಿಲ್ಲ.

ಬೇಸಿಗೆ ಮುಗಿಯುತ್ತ ಬಂದಾಗ ಗೆಂಜೊನ ಕೊರತೆಯಲ್ಲಿ ನಾಲ್ಕನೇ ಒಂದರಷ್ಟೂ ತುಂಬಿರಲಿಲ್ಲ. ಅವಳ ಕಾಲಿನ ಬಾವು ಮಂಡಿಯವರೆಗೆ ಏರಿತ್ತು. ಕೆಲವು ಬೆಳಿಗ್ಗೆ ಆರನೆಯ ಸಲಕ್ಕೇ ಮಣಿ ನಿಂತುಹೋಗುತ್ತಿತ್ತು. ಗೋಡೆಗೆ ಒರಗಿ, ಉಸಿರು ಬರುವವರೆಗೆ ಕಾದು, ಮತ್ತೆ ಶುರು ಮಾಡುವಳು. ಆದರೂ ಮುಕ್ಕು ಬಟ್ಟಲು ಕಲ್ಲುಗೋಡೆಯ ಮೇಲೆ ಇರದ ದಿನವಿಲ್ಲ.

ಒಂದು ಬೆಳಿಗ್ಗೆ ಕಿನು, ಸೋಯಾ ಹುದುಗಿಸಿ ಮಾಡಿದ ಮಿಸೊ ಹಾಕಿ ಬೇಯಿಸಿದ ಕೆಸುವಿನ ಗೆಡ್ಡೆ ಮತ್ತು ಕಣವೆಯನ್ನು ಬೋಗುಣಿಯಲ್ಲಿ ತಂದಳು. ಹೊಸ್ತಿಲ ಮೇಲೆ ಕೂತು ಉಸಿರು ಸುಧಾರಿಸಿಕೊಂಡಳು. ಅವಳಿಗೂ ಎಪ್ಪತ್ತು ದಾಟಿದೆ.

"ಇವತ್ತು ಯಾರಿಗೆ ಹೇಳ್ದೆ?"

"ಗೆಂಜೊಗೆ."

"ಇನ್ನೂ ಅವನಿಗೇನಾ? ಅಲ್ಲ ಕಣೇ, ಆ ಮನುಷ್ಯ ಬದುಕಿದ್ದಾಗ ನಾನೇ ಅವನ ಹೆಸರು ದಿನಕ್ಕೆ ಸಾವಿರ ಸಲ ಕೂಗಿಲ್ಲ. ನೀನ್ಯಾಕೆ ಅವನ ಹಿಂದೆ ಬಿದ್ದಿದೀಯ? ಊರೋರು ಏನಾದ್ರೂ ಅಂದ್ಕೊಂಡಾರು."

"ಊರಲ್ಲಿ ಯಾರಿದಾರೆ ಅಂದ್ಕೊಳ್ಳಕ್ಕೆ? ತೊಕು ಒಬ್ಳು. ಅವಳಿಗೆ ಕೇಳ್ಸಲ್ಲ."

ಇಬ್ಬರೂ ನಕ್ಕರು. ಶಿಗೆನೊಳ ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ. ಕಿನು ಅವಳ ಬೆನ್ನು ನೀವುತ್ತ ಪೀಠದ ಕಡೆ ನೋಡಿದಳು. ಕಿಯೊಜಿಯ ಹಲಗೆಯ ಮುಂದೆ ಚಹಾ ಆರಿತ್ತು.

"ಅಕ್ಕ, ಒಂದು ಮಾತು. ಬೈಯಬಾರ್ದು," ಎಂದಳು ಕಿನು. "ನಾನೂ ಲೆಕ್ಕ ಹಾಕ್ದೆ. ಕಿಯೊಜಿಗೆ ಇಪ್ಪತ್ತೆಂಟು ಸಾವಿರ. ದಿನಕ್ಕೊಂದು ಸುತ್ತು ಹಾಕಿದ್ರೆ ಇಪ್ಪತ್ತಾರೇ ದಿನ. ತಿಥಿಗೆ ಮುಂಚೆ ಮುಗಿದ್ಹೋಗುತ್ತೆ. ನಾನ್ ಹೇಳ್ತೀನಿ. ಅವನ ಹೆಸರಲ್ಲಿ, ನನ್ನ ಮನೇಲಿ ಕೂತು. ಎಂಬತ್ತು ಮಿಗುತ್ತೆ, ಅದನ್ನೂ ನೋಡ್ಕೊಂಡಿದೀನಿ. ಆ ಎಂಬತ್ತು ನಿನ್ನ ಕಲ್ಲುಗಳಿಗೆ. ಆಯ್ತಾ? ನೀನು ಗೆಂಜೊನ ನೋಡ್ಕೊ, ನಾನು ನಿನ್ನ ಮಗನ್ನ ನೋಡ್ಕೋತೀನಿ. ಅವನು ಚಿಕ್ಕವನಿದ್ದಾಗ ನನ್ನ ಬೆನ್ನ ಮೇಲೂ ಬೆಳೆದಿದಾನೆ."

ಕೈಸರ ಶಿಗೆನೊಳ ಬೆರಳುಗಳ ನಡುವೆ ಅಲುಗದೆ ನಿಂತಿತ್ತು. ಇಪ್ಪತ್ತಾರು ಬೆಳಿಗ್ಗೆ. ಅಷ್ಟರಲ್ಲಿ ಆಗಿಬಿಡುತ್ತದೆ. ಹಲಗೆ ಹೋಗುವ ದಿನ ಅವನಿಗೆ ಹತ್ತು ಲಕ್ಷವೂ ಇರುತ್ತದೆ. ಬಾಯಿಬಿಟ್ಟು "ಹೂಂ" ಎಂದರೆ ಸಾಕು.

ಹಿಂಬಾಗಿಲು ತೆರೆದಿತ್ತು. ಗೋಡೆಯ ಮೇಲೆ ಮುಕ್ಕು ಬಟ್ಟಲು, ಅದರಾಚೆ ಸಮುದ್ರ, ಕೊಲ್ಲಿಯ ತುದಿಯಲ್ಲಿ ಪೈನ್ ಮರಗಳು.

"ಬೇಡ ಕಿನು," ಎಂದಳು.

"ಯಾಕೆ? ನನ್ನ ಬಾಯಿ ಮಡಿ ಇಲ್ವಾ?"

"ಥೂ, ಅದಲ್ಲ. ಅವನು ಯಾವ್ದೋ ದಡಕ್ಕೆ ಬಿದ್ದಿರ್ತಾನೆ. ಹೆಸರಿಲ್ದೆ. ಅವನ ತಲೆ ಮೇಲೂ ಇಂಥದ್ದೇ ಒಂದು ಕಲ್ಲಿರುತ್ತೆ. ಅಲ್ಲೂ ಯಾವಳೋ ಒಬ್ಳು ಅವಳತ್ತೆ ಹೇಳ್ಕೊಟ್ಟ ಹಾಗೆ ಕಡ್ಡಿ ಎತ್ತಿಡ್ತಾ ಕೂತಿರ್ತಾಳೆ. ಅವಳು ತಲೆ ಎಣಿಸಿದ್ಲೋ ಕೈ ಎಣಿಸಿದ್ಲೋ, ನಂಗೇನ್ ಗೊತ್ತು? ಅವನಿಗೆ ಸಿಕ್ಕಿದ್ರೆ ಅವಳು ಮಿಗಿಸಿದ್ದು ಸಿಕ್ಕಿರುತ್ತೆ. ಸಿಗ್ಲಿಲ್ಲ ಅಂದ್ರೆ ಇಲ್ಲ. ಇಲ್ಲಿ ಬಿದ್ದಿರೋರಿಗೆ ನಾನು ಇಷ್ಟು ವರ್ಷ ಒಂದು ನಾಮನೂ ಮಿಗಿಸ್ಲಿಲ್ಲ, ಬರೀ ಚಹಾ ಕೊಟ್ಟೆ. ಅವರ ಅಮ್ಮಂದಿರು ಎಲ್ಲೋ ಕೂತು, ಕಯಾಉರಾ ಹೆಂಗಸರು ನೋಡ್ಕೋತಿದಾರೆ ಅಂತ ನಿದ್ದೆ ಮಾಡ್ತಿದಾರೆ, ನಾನ್ ಮಾಡ್ದ ಹಾಗೇ. ಈಗ ಒಂದು ಬಾಯಿ ಹೆಚ್ಚಿಗೆ ಸಿಕ್ತು ಅಂತ ಅದನ್ನೂ ನನ್ನ ಮಗನಿಗೇ ಇಟ್ಕೊಳ್ಲಾ? ಹೇಳೋದಿದ್ರೆ ಆ ಕಲ್ಲುಗಳಿಗೆ ಹೇಳು."

"ಇಬ್ರಿಗೂ ಹೇಳ್ತೀನಿ. ಮೊದ್ಲು ಇವನಿಗೆ, ಆಮೇಲೆ ಅವರಿಗೆ."

"ನಿನ್ನ ಉಸಿರು ಎಷ್ಟಿದೆ ಅಂತ ನಂಗೆ ಕಾಣುತ್ತೆ. ಈ ನಾಕು ಮೆಟ್ಲು ಹತ್ತಿ ಬಂದು ಇನ್ನೂ ಎದೆ ಹಿಡ್ಕೊಂಡಿದೀಯ."

ಕಿನುವಿನ ಕಣ್ಣಲ್ಲಿ ಸಿಟ್ಟು ಬಂತು. "ಕಲ್ಲಾಗ್ಹೋದೆ ನೀನು. ಕಲ್ಲಿಗೆ ಚಹಾ ಕೊಟ್ಟೂ ಕೊಟ್ಟೂ. ಆ ಹುಡುಗ ಅರ್ಧ ದಾರೀಲಿ ನಿಂತಿದಾನೆ ಅಂತ ಅಳೋಳೂ ನೀನೇ, ದೂಡಿ ಆಚೆ ದಾಟ್ಸಕ್ಕೆ ಬಂದೋಳಿಗೆ ಬೇಡ ಅನ್ನೋಳೂ ನೀನೇ. ತಿಥಿ ಆದ್ಮೇಲೆ ಕೇಳಿದ್ರೂ ಮಾಡಕ್ಕಾಗಲ್ಲ, ಗೊತ್ತಲ್ಲ?"

"ಗೊತ್ತು."

"ಕೊನೇ ಸಲ ಕೇಳ್ತಿದೀನಿ."

ಶಿಗೆನೊ ಬೋಗುಣಿಯ ಮುಚ್ಚಳ ಸರಿಸಿ ನೋಡಿದಳು. ಮಿಸೊ ವಾಸನೆಯ ಬಿಸಿ ಹಬೆ ಅವಳ ಮುಖಕ್ಕೆ ಬಂತು. ಮತ್ತೆ ಮುಚ್ಚಿ, ಎರಡೂ ಕೈಯಿಂದ ತನ್ನ ಕಡೆಗೆ ಎಳೆದುಕೊಂಡಳು.

"ಕೆಸು ತಗೋತೀನಿ," ಎಂದಳು. "ಅದು ಬೇಡ. ಅವನ ಇಪ್ಪತ್ತೆಂಟು ಸಾವಿರ ಹಾಗೇ ಇರ್ಲಿ."